ಹಿಂದಿನ ಸೀಟಿನ ಮಾತು

ಕತ್ತು ತಿರುಗಿಸಲಿಲ್ಲ ಅಂತಲೂ ಫೇಲು ಮಾಡುತ್ತಾರೆ ಎಂಬುದು ಸೊಸೆಗೆ ಗೊತ್ತಾದದ್ದು ಮೂರು ತಿಂಗಳ ಹಿಂದೆ. ಬ್ರೇಕು ಸರಿಯಿತ್ತು, ಗೇರು ಸರಿಯಿತ್ತು, ಸಿಗ್ನಲ್ಲಿನಲ್ಲಿ ಕಾಲೂರಿದ್ದೂ ಸರಿಯಿತ್ತು. ಪರೀಕ್ಷಕ ಮಾತ್ರ ಹಾಳೆಯ ತುಂಬ ಅಡ್ಡಗೆರೆ ಎಳೆದು, "ಏನ್ ಮೇಡಂ, ಕತ್ತಿಗೆ ಪ್ಲಾಸ್ಟರ್ ಹಾಕಿಸಿದೀರಾ? ಲೇನ್ ಬದಲಾಯಿಸುವಾಗ ಒಂದು ಸಲನಾದ್ರೂ ಹಿಂದೆ ನೋಡಿದ್ರಾ?" ಎಂದಿದ್ದ.

ಅವಳು ನೋಡಿರಲಿಲ್ಲ. ನಾಲ್ಕು ವರ್ಷದಿಂದ ಹಿಂದೆ ನೋಡುವುದು ಮಾವನ ಕೆಲಸವಾಗಿತ್ತು.

ಮಾವ ಗಾಜಿನ ಕೆಲಸದವರು. ಅಂಗಡಿಯಲ್ಲಿ ಅಳತೆಗೆ ಗಾಜು ಕತ್ತರಿಸಿ, ಮನೆಮನೆಗೆ ಹೋಗಿ ಕಿಟಕಿಗೆ ಕೂರಿಸುತ್ತಾರೆ. ಬೈಕು ಓಡಿಸಲು ಬಾರದು. ಮೊದಲು ಮಗ ಓಡಿಸುತ್ತಿದ್ದ. ಮಗ ಬೇರೆ ಊರಲ್ಲಿ ಬೇರೊಂದು ಸಂಸಾರ ಹೂಡಿ ಫೋನ್ ನಂಬರನ್ನೂ ಬದಲಾಯಿಸಿದ ಮೇಲೆ, ಬೈಕು, ಮುದುಕ, ಮೂರು ವರ್ಷದ ಮಗಳು ಎಲ್ಲವೂ ಸೊಸೆಯ ಕೊರಳಿಗೆ ಬಿದ್ದವು. ಅವಳು ಬೈಕು ಕಲಿತಳು. ಮಾವ ಹಿಂದೆ ಕೂತು, ಕಂಬಳಿ ಸುತ್ತಿದ ಗಾಜನ್ನು ಬಲತೊಡೆಗೆ ಒರಗಿಸಿ, ಭುಜದಿಂದ ಇಳಿಬಿಟ್ಟ ಪಟ್ಟಿಗೆ ಕಟ್ಟಿಕೊಂಡು ಹಿಡಿದಿರುತ್ತಿದ್ದರು. ಆಗ ಬಲಗನ್ನಡಿಯಲ್ಲಿ ಕಂಬಳಿ ಬಿಟ್ಟರೆ ಇನ್ನೇನೂ ಕಾಣದು. ಎಡಗಡೆಯನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಬಲಗಡೆಗೆ ಮಾವ. ರಸ್ತೆ ಖಾಲಿಯಿದ್ದರೆ ಅವಳ ಕಿವಿಯ ಹತ್ತಿರ ಬಗ್ಗಿ "ಬಲಕ್ಕೆ, ನಡಿ" ಎನ್ನುವರು, ಇಲ್ಲದಿದ್ದರೆ "ತಡಿ". ಅವರು ನಡಿ ಅಂದರೆ ಅವಳು ಕಣ್ಣು ಮುಚ್ಚಿಕೊಂಡು ನುಗ್ಗುತ್ತಿದ್ದಳು. ಈವರೆಗೆ ಒಂದು ಗಾಜೂ ಒಡೆದಿರಲಿಲ್ಲ.

ಅವಳ ಹತ್ತಿರ ಇದ್ದದ್ದು ಅರ್ಧ ಲೈಸೆನ್ಸು. ಅದರಲ್ಲಿ ಒಬ್ಬರೇ ಓಡಾಡಬಹುದು, ಹಿಂದೆ ಯಾರನ್ನೂ ಕೂರಿಸುವಂತಿಲ್ಲ. ಕೂರಿಸಿಕೊಂಡೇ ನಾಲ್ಕು ವರ್ಷ ತಳ್ಳಿದ್ದಾಯಿತು. ಹೋದ ತಿಂಗಳು ಪೊಲೀಸಿನವನು ಹಿಡಿದು, ಇನ್ನೊಂದು ಸಲ ಸಿಕ್ಕರೆ ಗಾಡಿ ಠಾಣೆಯಲ್ಲೇ ಇರುತ್ತದೆ ಎಂದ. ಆ ಸುದ್ದಿ ಅಂಗಡಿಯವರೆಗೂ ಹೋಯಿತು. ಅಂಗಡಿಯ ಸಾಹುಕಾರ ಇಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದ:

"ನೋಡಮ್ಮ, ಮೂರು ವಾರ ಕೊಡ್ತೀನಿ, ಮೂರನೇ ಶನಿವಾರದೊಳಗೆ ಪೂರ್ತಿ ಲೈಸೆನ್ಸ್ ತಂದು ಈ ಟೇಬಲ್ ಮೇಲಿಡು. ಆಗಲಿಲ್ಲಾಂದ್ರೆ ನಾನು ಈ ಕೆಲಸ ವ್ಯಾನಿನವನಿಗೆ ಕೊಡ್ತೀನಿ. ಅವನ ಜೊತೆ ಅವನದೇ ಆಳು ಇದಾನೆ. ಆಮೇಲೆ ನನ್ನ ಬೈಕೋಬೇಡಿ."

ಬೈದುಕೊಳ್ಳುವುದಕ್ಕೆ ಏನಿತ್ತು? ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಆ ದಿನದಿಂದ ಮನೆಯಲ್ಲಿ ಕತ್ತಿನ ಪಾಠ ಶುರುವಾಯಿತು. ಸೊಸೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಎರಡು ಕೈಯಲ್ಲಿ ಎರಡು ಸೌಟು ಹಿಡಿದು ಹ್ಯಾಂಡಲ್ ಮಾಡಿಕೊಳ್ಳುವಳು. ಮಾವ ಅವಳ ಬೆನ್ನ ಹಿಂದೆ ನಿಂತು ಬೆರಳು ಎತ್ತುವರು. ಅವಳು ಸಟ್ಟನೆ ತಿರುಗಿ ಎಷ್ಟು ಬೆರಳು ಅಂತ ಹೇಳಿ, ಮುಂದಕ್ಕೆ ನೋಡಬೇಕು.

"ಮೂರು."

"ಸರಿ."

"ಎರಡು."

"ಹೆಬ್ಬೆಟ್ಟು ಬಿಟ್ಟೆ. ಅದೇನು ಲೆಕ್ಕಕ್ಕಿಲ್ವಾ? ಲಾರಿ ಬಂದ್ರೂ ಹೀಗೇ ಬಿಡ್ತೀಯಾ?"

"ಲಾರಿ ನಿಮ್ಮ ಹೆಬ್ಬೆಟ್ಟಿಗಿಂತ ದೊಡ್ಡದಿರತ್ತೆ ಬಿಡಿ ಮಾವ."

"ತಾತಾ, ಅಮ್ಮ ಗೂಬೆ ಥರ ತಿರುಗಿಸ್ತಾಳೆ!" ಎಂದು ಮಗಳು ಊಟದ ತಟ್ಟೆಯ ಮುಂದೆಯೇ ಹೊರಳಾಡಿ ನಕ್ಕಳು.

ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ ಒಬ್ಬಳೇ ಓಡಿಸುವಳು. ಮಾವ ಮೂಲೆಯಲ್ಲಿ ಕೈಕಟ್ಟಿ ನಿಲ್ಲುವರು. ಮೊದಲ ದಿನ ಅಭ್ಯಾಸಬಲದಿಂದ ಅಲ್ಲಿಂದಲೇ "ನಡಿ ನಡಿ" ಎಂದು ಕೂಗಿದ್ದಕ್ಕೆ ಅವಳು ಗಾಡಿ ನಿಲ್ಲಿಸಿ ಬಂದು, "ಪರೀಕ್ಷೆ ದಿವಸ ನೀವಿರ್ತೀರಾ? ಬಾಯಿ ಬಿಡಬೇಡಿ" ಎಂದಿದ್ದಳು. ಆಮೇಲೆ ಅವರು ಉಸಿರೆತ್ತಲಿಲ್ಲ. ಎರಡು ವಾರದಲ್ಲಿ ಕತ್ತು ತಾನಾಗಿಯೇ ತಿರುಗತೊಡಗಿತು. ನಡೆದುಕೊಂಡು ಹೋಗುವಾಗಲೂ ತಿರುಗುತ್ತಿತ್ತು. ಎದುರುಮನೆಯಾಕೆ, ಯಾರಾದರೂ ಹಿಂದೆ ಬಿದ್ದಿದಾರಾ ಅಂತ ಕೇಳಿದಳು.

ಪರೀಕ್ಷೆ ಗುರುವಾರ ಬಂತು. ಮಾವ ಬಸ್ಸಿನಲ್ಲಿ ಬಂದು ಕಚೇರಿಯ ಹೊರಗಿನ ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತರು. ಹೋದ ಸಲ ಪರೀಕ್ಷಕ ದಾರಿಯನ್ನು ಮೊದಲೇ ಹೇಳಿ ಕಳಿಸಿ ಹಿಂದಿನಿಂದ ಬಂದಿದ್ದ. ಈ ಸಲ ಹೊಸ ಏರ್ಪಾಡು. ಹೆಲ್ಮೆಟ್ಟಿನೊಳಗೆ ಕಿವಿಯ ಹತ್ತಿರ ಬಟನ್ ಗಾತ್ರದ ಸ್ಪೀಕರ್ ಸಿಕ್ಕಿಸಿದರು. ಈ ಸಲದ ಪರೀಕ್ಷಕ ವಯಸ್ಸಾದವನು, ಗಂಟಲು ಒಡೆದಂಥ ದನಿ.

"ನಾನು ಹಿಂದೆ ಕಾರಲ್ಲಿ ಬರ್ತೀನಿ. ಎಲ್ಲಿ ತಿರುಗಬೇಕು ಅಂತ ಮಾತ್ರ ಹೇಳ್ತೀನಿ. ತಿರುಗೋಕೆ ಜಾಗ ಇದೆಯಾ ಇಲ್ವಾ ಅಂತ ನೋಡ್ಕೊಳ್ಳೋದು ನಿಮಗೆ ಬಿಟ್ಟಿದ್ದು. ಆಯ್ತಾ?"

"ಆಯ್ತು ಸರ್."

ಮೊದಲ ಇಪ್ಪತ್ತು ನಿಮಿಷ ಅವಳು ಒಂದು ತಪ್ಪೂ ಮಾಡಲಿಲ್ಲ. "ಎಡಕ್ಕೆ" ಎಂದಾಗಲೆಲ್ಲ ಕನ್ನಡಿ, ಭುಜ, ಸಿಗ್ನಲ್ಲು. ನಿಂತ ಬಸ್ಸನ್ನು ದಾಟುವಾಗಲೂ ತಿರುಗಿ ನೋಡಿದಳು. ಶಾಲೆಯ ಮುಂದೆ ವೇಗ ಇಳಿಸಿದಳು. ಇನ್ನೊಂದು ಸುತ್ತು ಅಷ್ಟೇ, ಕಚೇರಿಯ ನೀರಿನ ಟ್ಯಾಂಕು ದೂರದಲ್ಲಿ ಕಾಣಿಸುತ್ತಿತ್ತು. ಮೂರು ಲೇನಿನ ರಸ್ತೆ. ಕಿವಿಯಲ್ಲಿ ಗರಗರ ಎಂದಿತು.

"ಬಲಕ್ಕೆ ತಗೊಳ್ಳಿ."

ಆ ದಿನದ ಮೊದಲ ಬಲ ಅದು. ಅವಳು ಹೋದಳು.

ಯೋಚಿಸಿ ಹೋದದ್ದಲ್ಲ. ಬೆನ್ನ ಹಿಂದಿನಿಂದ ಮುದಿ ದನಿಯೊಂದು ಬಲಕ್ಕೆ ಅಂದಿತು, ಕೈ ಹ್ಯಾಂಡಲ್ ವಾಲಿಸಿತು. ಅಷ್ಟರಲ್ಲಿ ಮೊಣಕೈ ಪಕ್ಕದಲ್ಲೇ ಹಾರ್ನು ಕಿರುಚಿತು. ಸ್ಕೂಟರಿನವನೊಬ್ಬ ಡಿವೈಡರಿಗೆ ಉಜ್ಜಿಕೊಂಡು, ಹೇಗೋ ಬೀಳದೆ, ಮುಂದೆ ಹೋಗಿ ನಿಂತ. ತಿರುಗಿ ಅವಳನ್ನು ನೋಡಿದ. ಬೈಯಲೂ ಇಲ್ಲ. ಅವನ ಬಾಯಿ ಸುಮ್ಮನೆ ತೆರೆದಿತ್ತು.

"ಸೈಡಿಗೆ ನಿಲ್ಲಿಸಿ ಮೇಡಂ," ಎಂದಿತು ಕಿವಿಯೊಳಗಿನ ದನಿ. "ಮುಗೀತು."

ಹಾಳೆಯಲ್ಲಿ ಈ ಸಲ ಒಂದೇ ಗೆರೆಯಿತ್ತು. ಆದರೆ ಅದು ಮೇಲಿಂದ ಕೆಳಗಿನವರೆಗೆ ಇತ್ತು. ಮತ್ತೆ ಪರೀಕ್ಷೆಗೆ ಬರಲು ಮೂರು ತಿಂಗಳು ಕಾಯಬೇಕು.

ಬೆಂಚಿನ ಮೇಲಿದ್ದ ಮಾವ ಅವಳ ಮುಖ ನೋಡಿದವರೇ ಕೇಳಿದರು. "ಮತ್ತೆ ಕತ್ತಾ?"

"ಕತ್ತು ತಿರುಗ್ತಾನೇ ಇತ್ತು ಮಾವ. ಅವನು ಕಿವಿಯಲ್ಲಿ ಬಲಕ್ಕೆ ಅಂದ. ನೀವು ಅಂದ ಹಾಗಾಯ್ತು. ನೀವು ಅಂದ್ಮೇಲೆ ಇನ್ನೇನು ನೋಡೋದು ಅಂತ ಹೋಗ್ಬಿಟ್ಟೆ."

ಮಾವ ಬೆಂಚಿನ ಮೇಲೆ ಸರಿದು ಜಾಗ ಮಾಡಿದರು. ಅವಳು ಪಕ್ಕದಲ್ಲಿ ಕೂತು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು.

"ಸಾಹುಕಾರರ ಕಾಲು ಹಿಡೀತೀನಿ. ಮೂರು ತಿಂಗಳು ತಾನೆ, ದೊಡ್ಡ ರಸ್ತೆ ಬಿಟ್ಟು ಗಲ್ಲಿಗಳಲ್ಲೇ ಹೋಗೋಣ. ನೀವು ಹಿಂದಿನಿಂದ ಹೇಳ್ತಾ ಇರಿ ಸಾಕು. ನಿಮ್ಮ ಮಾತು ಇವತ್ತಿನವರೆಗೆ ಒಂದು ಸಲನೂ ತಪ್ಪಿಲ್ಲ."

"ತಪ್ಪಿದೆ," ಎಂದರು ಮಾವ. "ನಿನಗೆ ಗೊತ್ತಾಗಿಲ್ಲ."

"ಏನು ತಪ್ಪಿದೆ?"

"ನನಗೆ ಪಕ್ಕದ್ದು ಕಾಣಲ್ಲಮ್ಮ. ಎದುರಿಗಿರೋದು ಕೂದಲೆಳೆ ಇದ್ರೂ ಕಾಣತ್ತೆ, ಗಾಜು ಕತ್ತರಿಸೋಕೆ ತೊಂದ್ರೆ ಇಲ್ಲ. ಸುತ್ತಲಿಂದು ಇಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ. ಬಾಗಿಲಿಗೆ ಭುಜ ಹೊಡ್ಕೊಂಡು ಬಡಗಿಯವನನ್ನ ಬೈತಿರ್ತೀನಲ್ಲ, ಅದಕ್ಕೇ."

"ಯಾವತ್ತಿಂದ?"

"ಎರಡು ವರ್ಷ ಆಗಿರಬೇಕು. ಡಾಕ್ಟ್ರಿಗೆ ತೋರಿಸ್ದೆ. ಹೋಗಿದ್ದು ಹೋಯ್ತು, ವಾಪಸ್ ಬರಲ್ಲ ಅಂದ್ರು."

"ಮತ್ತೆ ನಡಿ ಅಂತಿದ್ರಲ್ಲ?"

"ಗಾಜು ಕಟ್ಕೊಂಡು ಪೂರ್ತಿ ತಿರುಗೋಕಾಗಲ್ಲ. ಸದ್ದು ಕೇಳಿ ಹೇಳ್ತಿದ್ದೆ. ಏನೂ ಕೇಳಿಸದಿದ್ರೆ ನಡಿ ಅಂತಿದ್ದೆ."

ಅವಳ ಕಣ್ಣೆದುರು ಎರಡು ವರ್ಷದ ತಿರುವುಗಳೆಲ್ಲ ಒಂದೊಂದಾಗಿ ಹಾದುಹೋದವು. ಆಸ್ಪತ್ರೆಯ ಸರ್ಕಲ್ಲು, ಸೇತುವೆಯ ಕೆಳಗಿನದು, ಲಾರಿ ಸ್ಟ್ಯಾಂಡಿನದು.

"ಮಗೂನ ಮಧ್ಯ ಕೂರಿಸ್ಕೊಂಡು ಹೋಗಿದೀವಿ," ಎಂದಳು.

ಮಾವ ನೆಲ ನೋಡಿದರು.

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಆ ಮನೇಲಿ ನಾನ್ಯಾರು? ಮಗ ಓಡಿಹೋದ ಮನೇಲಿ ಮಗನ ಅಪ್ಪ. ಕೆಲಸಕ್ಕೆ ಬರ್ತಿದೀನಿ ಅಂತಲಾದ್ರೂ ತಟ್ಟೆ ಮುಂದೆ ಕೂರ್ತಿದ್ದೆ."

ಅದಕ್ಕೊಂದು ಉತ್ತರ ಇತ್ತು. ನೀವು ಕೂತು ತಿಂದಿದ್ದರೂ ನಾನು ಹಾಕುತ್ತಿದ್ದೆ ಅಂತ. ಬೆಳಗ್ಗೆಯಾಗಿದ್ದರೆ ಅವಳು ಹಾಗೇ ಅನ್ನುತ್ತಿದ್ದಳೋ ಏನೋ. ಈಗ ಬಾಯಿಗೆ ಬಂದದ್ದು ಬೇರೆ.

"ಸತ್ತಿದ್ರೆ?" ಎಂದಳು. "ಅವಳು ಸತ್ತಿದ್ರೆ ಏನ್ ಮಾಡ್ತಿದ್ರಿ?"

ಪಕ್ಕದಲ್ಲಿ ನಿಂತಿದ್ದವರು ತಿರುಗಿ ನೋಡಿದರು.

ಬಸ್ಸು ಬಂತು. ಅವಳು ಎದ್ದು, ಅವರ ಮೊಣಕೈ ಹಿಡಿದು ಬಾಗಿಲವರೆಗೆ ಕರೆದೊಯ್ದಳು. ಮೆಟ್ಟಿಲು ಎಲ್ಲಿದೆ ಅಂತ ಹೇಳಲಿಲ್ಲ, ಕಾಲನ್ನು ತಾನೇ ಬಗ್ಗಿ ಇಡಿಸಿದಳು. "ಏಳನೇ ಸ್ಟಾಪು. ಎಣಿಸ್ಕೊಳ್ಳಿ," ಎಂದಳು. ನಾಲ್ಕು ವರ್ಷದಲ್ಲಿ ಅವಳು ಅವರಿಗೆ ದಾರಿ ಹೇಳಿದ್ದು ಅದೇ ಮೊದಲು.

ಮಾವ ಕಿಟಕಿಯ ಪಕ್ಕ ಸೀಟು ಹಿಡಿದರು. ಬಸ್ಸು ಹೊರಟಾಗ ಕೈ ಹೊರಗೆ ಹಾಕಿ ಬೀಸಿದರು. ಅವಳು ನಿಂತಿದ್ದ ಕಡೆಗಲ್ಲ, ಅವಳಿಗಿಂತ ಹತ್ತು ಹೆಜ್ಜೆ ಆಚೆ, ಯಾರೂ ಇಲ್ಲದ ಬೆಂಚಿನ ಕಡೆಗೆ.