ದುರ್ಮಾಂಸ ಎಂಬ ಮಾತು

ತಣ್ಣೀರಲ್ಲಿ ನೆನೆದ ಹಾಸಿಗೆ ಹೊದಿಕೆಯನ್ನು ಎತ್ತಿಕೊಂಡು, ಕಲೆ ಇದ್ದ ಜಾಗಕ್ಕೆ ಅವಳು ಸೋಪು ತಿಕ್ಕುತ್ತಿದ್ದಳು. ಲಾಡ್ಜಿನ ಹಿಂಭಾಗದ ಬಟ್ಟೆ ಕೋಣೆಯಲ್ಲಿ ರಕ್ತದ ಕಲೆ ಹೊಸದೇನಲ್ಲ. ಬಿಸಿನೀರು ಸೋಕಿದರೆ ಕಚ್ಚಿಕೊಂಡುಬಿಡುತ್ತದೆ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವಳೂ ಅವಳೇ. ಆದರೆ ಈಚೆಗೆ ಯಾರದೋ ಕಲೆ ಕಂಡರೂ ಎದೆ ಧಸಕ್ಕೆನ್ನುತ್ತಿತ್ತು. ಕೆಲಸದ ನಡುವೆ ಗೋಡೆಗೆ ಬೆನ್ನು ಮಾಡಿ ನಿಂತು, ತನ್ನ ಬಟ್ಟೆಯ ಹಿಂಭಾಗ ಸವರಿ ನೋಡಿಕೊಳ್ಳುವುದು ಚಟವೇ ಆಗಿಬಿಟ್ಟಿತ್ತು.

ತಿಂಗಳ ಮುಟ್ಟು ಮುಗಿದ ಮೇಲೂ ನಡುನಡುವೆ ರಕ್ತ ಕಾಣಿಸುತ್ತಿತ್ತು, ಅದರಲ್ಲೂ ಗಂಡನ ಜೊತೆ ಮಲಗಿದ ಮರುದಿನ. ಮಗಳಿಗೆ ಕೆಮ್ಮು ಎಂಬ ನೆಪದಲ್ಲಿ ಹಾಸಿಗೆಯನ್ನು ಮಗಳ ಪಕ್ಕಕ್ಕೆ ಎಳೆದುಕೊಂಡಿದ್ದಳು. ಕೆಮ್ಮು ವಾಸಿಯಾಗಿ ಎಷ್ಟೋ ದಿನವಾಗಿತ್ತು. ಗಂಡ ಏನನ್ನೂ ಕೇಳಿರಲಿಲ್ಲ, ಊಟಕ್ಕೆ ಕೂತಾಗ ಮಾತ್ರ ಮುಖ ಗಂಟು ಹಾಕಿಕೊಂಡಿರುತ್ತಿದ್ದ.

ನಿನ್ನೆ ಧೈರ್ಯ ಮಾಡಿ ಆಸ್ಪತ್ರೆಗೆ ಹೋಗಿದ್ದಳು. ಪರೀಕ್ಷೆ ಮಾಡಿದ ಡಾಕ್ಟರಮ್ಮ, ಗರ್ಭಕೋಶದ ಬಾಯಲ್ಲಿ ಸಣ್ಣದೊಂದು ಪಾಲಿಪ್ ಜೋತುಬಿದ್ದಿದೆ ಎಂದರು. ತೆಳ್ಳಗಿನ ತೊಟ್ಟಿದೆ, ಇಕ್ಕಳದಲ್ಲಿ ಹಿಡಿದು ತಿರುಚಿದರೆ ಬಂದುಬಿಡುತ್ತದೆ, ಮಂಪರು ಕೊಡುವುದೂ ಬೇಡ, ಈಗಲೇ ತೆಗೆಯಬಹುದು. ಇಂಥವು ಸಾಮಾನ್ಯವಾಗಿ ಅಪಾಯದವಲ್ಲ, ಆದರೂ ತೆಗೆದದ್ದನ್ನು ಲ್ಯಾಬಿಗೆ ಕಳಿಸಿ ನೋಡಲೇಬೇಕು ಎಂದೂ ಹೇಳಿದರು. ಅವಳು ಪಿಳಿಪಿಳಿ ನೋಡುತ್ತಿದ್ದುದನ್ನು ಕಂಡು ಪಕ್ಕದಲ್ಲಿದ್ದ ನರ್ಸು, "ದುರ್ಮಾಂಸ ಕಣಮ್ಮ, ಅಷ್ಟೇ" ಎಂದಳು.

'ಅಷ್ಟೇ' ಎಂಬುದು ಅವಳ ಕಿವಿಗೆ ಬೀಳಲೇ ಇಲ್ಲ. ದುರ್ಬುದ್ಧಿ, ದುರ್ಗತಿ, ದುರ್ಮರಣ... ಆ 'ದುರ್' ಅಂಟಿದ ಒಂದೂ ಒಳ್ಳೆಯ ಮಾತು ನೆನಪಾಗಲಿಲ್ಲ. ಕೆಟ್ಟ ಮಾಂಸವೆಂದರೆ ಕ್ಯಾನ್ಸರಲ್ಲದೆ ಇನ್ನೇನು? ಮನೆಯಲ್ಲಿ ಕೇಳಿಕೊಂಡು ಬರುತ್ತೇನೆಂದು ಚಪ್ಪಲಿ ಮೆಟ್ಟಿ ಹೊರಟುಬಿಟ್ಟಳು. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಇವತ್ತು ಬೆಳಿಗ್ಗೆ ಮಗಳ ಜಡೆ ಹೆಣೆಯುವಾಗ, ನಾನಿಲ್ಲದಿದ್ದರೆ ಇದನ್ನು ಯಾರು ಹೆಣೆಯುತ್ತಾರೆ ಎನ್ನಿಸಿ ಬೆರಳು ಜಡೆಯನ್ನು ಬಿಗಿಹಿಡಿದು ನಿಂತುಬಿಟ್ಟಿತ್ತು. "ನೋಯುತ್ತಮ್ಮ, ಬಿಡು" ಎಂದು ಮಗಳು ರೇಗಿದ್ದಳು.

ಮಧ್ಯಾಹ್ನ ಇಸ್ತ್ರಿ ಮಾಡುವ ದೊಡ್ಡಕ್ಕನ ಜೊತೆ ಊಟಕ್ಕೆ ಕೂತಳು. ಓರಗಿತ್ತಿಯ ಸುದ್ದಿ ಎನ್ನುವಂತೆ, ದುರ್ಮಾಂಸ ಬೆಳೆದರೆ ಉಳಿಯುತ್ತಾರಾ ಎಂದು ಕೇಳಿದಳು.

ದೊಡ್ಡಕ್ಕ ತಟ್ಟೆಯಿಂದ ತಲೆ ಎತ್ತದೆ, "ನಮ್ಮಣ್ಣನ ಮೂಗಲ್ಲಿ ಬೆಳೆದಿತ್ತಲ್ಲೇ. ತೆಗೆಸಿದ್ರು, ಮತ್ತೆ ಬಂತು, ಮತ್ತೆ ತೆಗೆಸಿದ್ರು. ದುರ್ಮಾಂಸ ಹೋಯ್ತು, ದುರಹಂಕಾರ ಹೋಗ್ಲಿಲ್ಲ. ಈಗ್ಲೂ ಗುಂಡುಕಲ್ಲಿನ ಹಾಗಿದಾನೆ" ಎಂದಳು. "ನಿಮ್ಮ ಓರಗಿತ್ತಿಗೂ ಮೂಗಲ್ಲೇನಾ?"

ಅವಳು ಹೂಂಗುಟ್ಟಿದಳು.

"ತೆಗೆಸ್ಕೋ ಅನ್ನು. ಉಸಿರು ಕಟ್ಕೊಂಡು ಯಾಕೆ ಒದ್ದಾಡ್ಬೇಕು?"

ಅವಳಿಗೆ ನಗು ಬಂತು, ಜೊತೆಗೇ ಕಣ್ಣು ತುಂಬಿತು. ಖಾರ ಹತ್ತಿತೆಂದು ನೀರು ಕುಡಿದಳು. ಮೂಗಿನದಾದರೆ ಬಾಯಲ್ಲಿ ತುತ್ತಿಟ್ಟುಕೊಂಡೇ ಹೇಳಿ ನಗಬಹುದು. ಅದೇ ಮಾತು ಒಂದಿಷ್ಟು ಕೆಳಗಿಳಿದದ್ದಕ್ಕೆ ತಾನು ನಿನ್ನೆಯಿಂದ ಸತ್ತವಳ ಹಾಗೆ ಓಡಾಡುತ್ತಿದ್ದಳು. ಡಾಕ್ಟರಮ್ಮನ ಮಾತುಗಳು ಈಗ ಒಂದೊಂದೇ ನೆನಪಾದವು. ತೆಳ್ಳಗಿನ ತೊಟ್ಟು. ಸಾಮಾನ್ಯವಾಗಿ ಅಪಾಯವಿಲ್ಲ. ಆದರೂ ನೋಡಲೇಬೇಕು.

ಆ ಕೊನೆಯದು ಮಾತ್ರ ಎದೆಯಲ್ಲಿ ಉಳಿದುಕೊಂಡಿತು. ಮೂಗಿನದೂ ಇದೂ ಒಂದೇ ಎಂದು ದೊಡ್ಡಕ್ಕ ಹೇಗೆ ಹೇಳಿಯಾಳು? ತೆಗೆದು ನೋಡಿದವರೇ ಹೇಳಬೇಕು.

ಊಟವಾದ ಮೇಲೆ ಇಬ್ಬರೂ ಒಣಗಿದ ಹೊದಿಕೆಗಳನ್ನು ಮಡಚಲು ನಿಂತರು. ನಾಳೆ ಮಗಳನ್ನು ಶಾಲೆಗೆ ಬಿಟ್ಟು ನೇರ ಆಸ್ಪತ್ರೆಗೆ ಹೋಗುವುದು, ತೆಗೆಸಿಕೊಳ್ಳುವುದು, ಲ್ಯಾಬಿನವರು ಏನೇ ಹೇಳಲಿ, ತಾನೇ ಹೋಗಿ ಕೇಳಿಕೊಂಡು ಬರುವುದು ಎಂದುಕೊಂಡಳು.

"ಏನೇ ಯೋಚ್ನೆ?" ಎಂದಳು ದೊಡ್ಡಕ್ಕ.

"ಏನಿಲ್ಲ, ಆ ತುದಿ ಬಿಗಿಯಾಗಿ ಹಿಡ್ಕೊ" ಎಂದು ಅವಳು ತನ್ನ ತುದಿಯನ್ನು ಎಳೆದಳು.