ಬಿಸಿ ಮುದ್ದೆಗೆ ಸೇರಿದ ಮಾತ್ರೆ

ಶೀಳನೆರೆಯ ಚಿಕ್ಕಸ್ವಾಮಿ ಹೊಟ್ಟೆತುಂಬ ಉಂಡರೂ ದಿನೇ ದಿನೇ ಸೊರಗುತ್ತಿದ್ದರು. ಮೇದೋಜೀರಕ ಗ್ರಂಥಿ ಕೆಟ್ಟು, ಊಟ ಅರಗಿಸುವ ಕಿಣ್ವ ಸಾಲುತ್ತಿಲ್ಲ ಎಂದು ಡಾಕ್ಟರು ಕಿಣ್ವದ ಮಾತ್ರೆ ಬರೆದುಕೊಟ್ಟಿದ್ದರು. ಎರಡು ತಿಂಗಳಾದರೂ ತೂಕ ನಲವತ್ತೊಂದು ಕೆ.ಜಿ. ದಾಟಲಿಲ್ಲ. ಗಂಡ ಎಲ್ಲಿ ಕೈತಪ್ಪಿ ಹೋಗುತ್ತಾರೋ ಎಂದು ಹೆಂಡತಿ ಚಿಕ್ಕಬೋರಮ್ಮನಿಗೆ ದಿಗಿಲು.

ಆಶಾ ಕಾರ್ಯಕರ್ತೆ ರಂಜಿತ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಚಿಕ್ಕಬೋರಮ್ಮ ಮಾತ್ರೆಯ ಕ್ಯಾಪ್ಸೂಲ್ ಬಿಚ್ಚಿ, ಒಳಗಿನ ಸಣ್ಣ ಕಾಳುಗಳನ್ನು ಹಬೆಯಾಡುವ ಮುದ್ದೆಗೆ ಸೇರಿಸುತ್ತಿದ್ದರು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲವಲ್ಲ, ಮದ್ದೂ ಜೊತೆಗೇ ಇಳಿಯಲಿ ಎಂಬುದು ಅವರ ಉಪಾಯ.

"ಯಾಕ್ ದೊಡ್ಡವ್ವ, ಇಂಗ್ ಮಾಡ್ತಿದ್ದೀಯ?"

"ಬಿಸೀಲಿ ಕರಗಿದ್ರೆ ಮೈಗ್ ಬೇಗ ಹಿಡೀತದೆ ಕಣವ್ವ. ಊಟಕ್ಕೆ ಮೂರು ಬರ್ದವ್ರೆ, ನಾನು ಒಂದೇ ಹಾಕ್ತೀನಿ. ಸೊರಗಿರೋ ಮೈಗೆ ಅಷ್ಟೊಂದ್ ಮದ್ದು ಉಷ್ಣ ಆಗಕಿಲ್ವಾ?"

"ನಾನೇ ನುಂಗ್ತೀನಿ ಅಂದ್ರೂ ಕೇಳಾಕಿಲ್ಲ. ನನ್ನ ಕೂಸು ಮಾಡ್ಬುಟ್ಟವ್ಳೆ," ಎಂದು ಚಿಕ್ಕಸ್ವಾಮಿ ನಕ್ಕರು.

ರಂಜಿತ ಪಕ್ಕದಲ್ಲಿ ಕುಳಿತಳು. "ಕುದಿಯೋ ಹಾಲಿಗೆ ಹೆಪ್ಪು ಹಾಕ್ತೀಯಾ ದೊಡ್ಡವ್ವ?"

"ಹಾಕುದ್ರೆ ಹೆಪ್ಪೇ ಸತ್ತೋಯ್ತದೆ. ಹಾಲು ಉಗುರುಬೆಚ್ಚಗಾಗ್ಬೇಕು."

"ಬಿಂದಿಗೆ ಹಾಲಿಗೆ ಒಂದೇ ತೊಟ್ಟು ಹಾಕುದ್ರೆ?"

"ಬೆಳಗಾದ್ರೂ ಗಟ್ಟಿಯಾಗಕಿಲ್ಲ."

"ಕಿಣ್ವದ್ದೂ ಅಂಗೇ ಕಣ್ ದೊಡ್ಡವ್ವ. ನಮ್ ಮೈಬಿಸಿ ಎಷ್ಟೈತೋ ಅಷ್ಟರಲ್ಲಿ ಚೆನ್ನಾಗಿ ಕೆಲ್ಸ ಮಾಡ್ತದೆ. ಮುದ್ದೆ ಬಿಸಿಗೆ ಸಿಕ್ಕಿದ್ರೆ ಕೆಟ್ಟೋಯ್ತದೆ, ಆಮೇಲೆ ತಣ್ಣಗಾದ್ರೂ ಸರಿಹೋಗಾಕಿಲ್ಲ. ಊಟ ಜಾಸ್ತಿ, ಕಿಣ್ವ ಕಮ್ಮಿ ಆದ್ರೆ ಉಂಡಿದ್ದು ಅರಗ್ದೇ ಹೋಯ್ತದೆ. ಅದುಕ್ಕೇ ಡಾಕ್ಟ್ರು ಊಟ ನೋಡ್ಕಂಡು ಮೂರು ಬರ್ದಿರೋದು."

ಚಿಕ್ಕಬೋರಮ್ಮನ ಕೈ ನಿಂತಿತು. "ಅಂಗಾರೆ ಎಲ್ಡು ತಿಂಗ್ಳಿಂದ ನನ್ ಕೈಯಾರೆ ನಾನೇ ಇವ್ರುನ್ನ ಉಪಾಸ ಕೆಡವ್ದಂಗಾಯ್ತಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಸುಮ್ಕಿರು, ನೀನೇನ್ ಬೇಕು ಅಂತ ಮಾಡುದ್ಯಾ?" ಚಿಕ್ಕಸ್ವಾಮಿಯ ದನಿಯೂ ಮೆತ್ತಗಾಯಿತು. "ಮಾತ್ರೆ ಇತ್ಲಾಗ್ ಕೊಡು. ತಣ್ಣೀರಲ್ಲಿ ನುಂಗ್ತೀನಿ. ಮುದ್ದೆ ವಸಿ ಆರ್ಲಿ."

ಅಂದಿನಿಂದ ಊಟ ಶುರುವಾಗುವಾಗ ಎರಡು, ನಡುವೆ ಒಂದು, ಡಾಕ್ಟರು ಹೇಳಿದ ಹಾಗೆಯೇ ನುಂಗಿದರು. ಒಲೆಯ ಮೇಲಿನ ಗೂಡಿನಲ್ಲಿದ್ದ ಮಾತ್ರೆ ಡಬ್ಬಿ ತಂಪಾದ ಮೂಲೆಗೆ ಹೋಯಿತು. ಒಂದೂವರೆ ತಿಂಗಳಿಗೆ ತೂಕ ನಲವತ್ತೈದಾಯಿತು. ಅಂದು ಚಿಕ್ಕಬೋರಮ್ಮ ಸಮಾಧಾನವಾಗಿ ತಾವೂ ಊಟಕ್ಕೆ ಕುಳಿತರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಕಿಣ್ವದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬಿಸಿ ಊಟಕ್ಕೆ, ಕಾಫಿಗೆ ಬೆರೆಸಬೇಡಿ. ನುಂಗಲು ಕಷ್ಟವಾದರೆ ಡಾಕ್ಟರನ್ನು ಕೇಳಿ. ನೀವಾಗಿಯೇ ಹೆಚ್ಚು ಕಡಿಮೆ ಮಾಡಬೇಡಿ. ನೀವು ಪ್ರೀತಿಯಿಂದ ಬಡಿಸಿದ ಊಟ ನಿಮ್ಮವರ ಮೈಗೆ ಹತ್ತಲಿ.