ಟೇಲರ್ ಮತ್ತು ಮರಕುಟಿಗ

ಆ ಯಂತ್ರಕ್ಕೆ ಮರಕುಟಿಗ ಎಂದು ಹೆಸರಿಟ್ಟವನು ಟೇಲರ್, ಬಟ್ಟೆ ಹೊಲಿಯುವ ಒಬ್ಬ ರೋಗಿ. ಕಾಗದಪತ್ರಗಳಲ್ಲಿ ಅದಕ್ಕೆ ಉದ್ದನೆಯ ಇನ್ನೊಂದು ಹೆಸರಿತ್ತು, ಆದರೆ ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಕೇಳುವವರಿಗೆ ಆಕಳಿಕೆ ಬರುತ್ತಿತ್ತು. ಎಂಟರ ಅಂಕಿಯ ಹಾಗೆ ಸುತ್ತಿದ ತಂತಿಯ ಸುರುಳಿ, ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಎಡಗಿವಿಯ ಮೇಲ್ಗಡೆ ತಲೆಗೆ ಒತ್ತಿ ಹಿಡಿದರೆ ಟಕ್, ಟಕ್, ಟಕ್ ಎಂದು ಕುಟ್ಟುತ್ತದೆ. ಒಂದೊಂದು ಕುಟ್ಟಿಗೂ ಹುಟ್ಟುವ ಅಯಸ್ಕಾಂತದ ಅಲೆ ಬುರುಡೆಯನ್ನು ದಾಟಿ, ಮಾತು ಕೇಳಿಸಿಕೊಳ್ಳುವ ಮಿದುಳಿನ ಭಾಗವನ್ನು ಕೊಂಚ ಸುಮ್ಮನಾಗಿಸುತ್ತದೆ ಎಂಬುದು ಮೇಡಂ ಲೆಕ್ಕಾಚಾರ. ಕೋಣೆಯಲ್ಲಿ ಯಾರೂ ಇಲ್ಲದಾಗ ಕೇಳುವ ಮಾತುಗಳೂ ಅಲ್ಲಿಯೇ ಹುಟ್ಟುತ್ತವಲ್ಲ, ಅದಕ್ಕೆ.

ಮೇಡಂ ಮಾತ್ರೆ ಬರೆದುಕೊಡುವ ಡಾಕ್ಟರಲ್ಲ. ಅವರದು ಮಿದುಳಿನ ಸಂಶೋಧನೆ, ಅದರಲ್ಲೂ ಸ್ಕಿಜೋಫ್ರೇನಿಯಾ, ಅದರಲ್ಲೂ ಯಾವ ಮಾತ್ರೆಗೂ ಬಗ್ಗದ ಸ್ಕಿಜೋಫ್ರೇನಿಯಾ. ಅಂದರೆ ಎಲ್ಲರೂ ಕೈಚೆಲ್ಲಿದ ಮೇಲೆ ಅವರ ಬಾಗಿಲಿಗೆ ಬರುವ ಜನ. ಹಿಂದೆ ಎರಡು ಉಪಾಯಗಳನ್ನು ಹೂಡಿದ್ದರು, ಎರಡೂ ನೆಲಕಚ್ಚಿದ್ದವು. ಮೊದಲನೆಯದಕ್ಕೆ ಅತ್ತಿದ್ದರು. ಎರಡನೆಯದಕ್ಕೆ ಅಳು ಬಂದಿರಲಿಲ್ಲ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಅವರ ಮನಸ್ಸಿಗೆ ಜೋಮು ಹಿಡಿದಿತ್ತು. ನೋವೇನೂ ಇರಲಿಲ್ಲ. ಎದ್ದು ನಿಲ್ಲಲು ಹೋದರೆ ನೋವಾದೀತೆಂದು ಏಳುವುದನ್ನೇ ಬಿಟ್ಟಿದ್ದರು. ಬೆಳಿಗ್ಗೆ ಬಂದು ಕೋಟು ತೊಡುತ್ತಿದ್ದರು, ಸಂಜೆ ಬಿಚ್ಚುತ್ತಿದ್ದರು.

ಮರಕುಟಿಗಕ್ಕೆ ನೋಡಲು ಒಂದೇ ಥರದ ಎರಡು ಸುರುಳಿಗಳು. ಒಂದು ನಿಜದ್ದು, ಇನ್ನೊಂದು ಬರೀ ಸದ್ದು ಮಾಡುವಂಥದ್ದು. ಯಾರಿಗೆ ಯಾವುದು ಎನ್ನುವುದು ರೋಗಿಗೂ ಗೊತ್ತಿಲ್ಲ, ಮೇಡಂಗೂ ಗೊತ್ತಿಲ್ಲ, ಸುರುಳಿ ಹಿಡಿದು ನಿಲ್ಲುವ ಸಹಾಯಕನಿಗೂ ಗೊತ್ತಿಲ್ಲ. ಈ ಸಹಾಯಕನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು. ಅವನು ಮೀಸೆ ಬೋಳಿಸಿ ಎಷ್ಟೋ ಕಾಲವಾಗಿತ್ತು. ಹೆಸರಿಗೆ ಮಾತ್ರ ಯಾರೂ ಕತ್ತರಿ ಹಾಕಿರಲಿಲ್ಲ.

ಟೇಲರ್‌ನನ್ನು ಕರೆದುಕೊಂಡು ಬರುತ್ತಿದ್ದವಳು ಅವನ ಅಕ್ಕ. ನಲವತ್ತು ದಾಟಿದ ತಮ್ಮನನ್ನು ಅವಳಿನ್ನೂ ‘ಮರಿ’ ಎಂದೇ ಕರೆಯುತ್ತಿದ್ದಳು. ಮೊದಲ ದಿನ ಅವನು ತನಗೆ ಕೇಳುವ ದನಿಗಳನ್ನು ನೆಂಟರನ್ನು ಪರಿಚಯಿಸುವ ಹಾಗೆ ಪರಿಚಯಿಸಿದ್ದ.

“ಇಬ್ಬರು ಗಂಡಸರು ಮೇಡಂ, ಇಡೀ ದಿನ ಜಗಳ. ಮೂರನೆಯವನು ಬರೀ ನಗ್ತಾನೆ, ಅವನದೇನೂ ತೊಂದರೆ ಇಲ್ಲ. ಒಬ್ಬಳು ಹೆಂಗಸಿದಾಳೆ, ಅವಳದೇ ಕಾರುಬಾರು. ಹೊಲಿಗೆ ಸೊಟ್ಟಗಾಯ್ತು ಅಂತ ಮೊದಲು ಬಯ್ಯೋಳು ಅವಳೇ.”

“ಸೊಟ್ಟ ಆಗಿರುತ್ತಾ?” ಮೀಸೆ ಕೇಳಿದ್ದ.

“ಒಂದೊಂದ್ಸಲ ಆಗಿರುತ್ತೆ ಸಾರ್. ಸುಳ್ಳು ಯಾಕೆ ಹೇಳ್ಲಿ.”

ಆಗಲೇ ವಾರ್ಡಿನ ಡಾಕ್ಟರ್ ಮೇಡಂಗೆ ಒಂದು ಮಾತು ಹೇಳಿದ್ದರು. ಟೇಲರ್‌ಗೆ ಇನ್ನೂ ಕೊಟ್ಟು ನೋಡದೆ ಉಳಿದಿರುವುದು ಒಂದೇ ಬಗೆಯ ಮಾತ್ರೆ. ಅದು ಎಲ್ಲಕ್ಕಿಂತ ಗಟ್ಟಿ. ಆದರೆ ರಕ್ತದ ಬಿಳಿ ಕಣಗಳನ್ನೇ ತಿಂದುಹಾಕಬಹುದು ಎಂಬ ಭಯಕ್ಕೆ ವಾರವಾರ ರಕ್ತ ತೆಗೆದು ನೋಡುತ್ತಿರಬೇಕು, ವಾರ್ಡಿನಲ್ಲಿಟ್ಟುಕೊಂಡೇ ಶುರುಮಾಡಬೇಕು. “ನಿಮ್ಮ ಯಂತ್ರದಿಂದ ಗುಣ ಕಂಡರೆ ಮನೆಗೆ ಕಳಿಸ್ತೀನಿ. ಇಲ್ಲಾಂದ್ರೆ ಹಾಸಿಗೆ ಕೊಡ್ತೀನಿ. ನೀವು ಏನು ಹೇಳ್ತೀರೋ ಅದೇ.”

ಟೇಲರ್ ದಿನಾ ಬೆಳಿಗ್ಗೆ ಬಂದ. ತಲೆ ಕೊಟ್ಟು ಕೂತ. ಇಸ್ತ್ರಿ ಮಾಡಿದ ಶರ್ಟು, ಮೈಗೆ ಎರಕ ಹೊಯ್ದಂಥ ಪ್ಯಾಂಟು. ದನಿಗಳಿಗೆ ಮಾತ್ರವಲ್ಲ, ಅಚ್ಚುಕಟ್ಟಾಗಿದ್ದಾನೆ ಎಂಬುದಕ್ಕೂ ಮೇಡಂ ಅಂಕ ಕೊಡಬೇಕಿತ್ತು, ಧಾರಾಳವಾಗಿ ಕೊಡುತ್ತಿದ್ದರು. ಕೊನೆಯ ವಾರ ಅವನು ಕುರ್ಚಿಯಿಂದ ಎದ್ದು ಹೇಳಿದ, “ಮೇಡಂ, ಅವರು ಹೋದ್ರು.”

“ಯಾರು?”

“ನಾಲ್ವರೂ. ನಿಮ್ಮ ಮರಕುಟಿಗ ಕುಟ್ಟಿ ಕುಟ್ಟಿ ಓಡಿಸಿಬಿಡ್ತು.”

ಮೀಸೆ ಮೇಜಿನ ಮೇಲೆ ತಾಳ ಹಾಕಿದ. ಪಕ್ಕದ ಕೋಣೆಯಿಂದ ಸ್ಕ್ಯಾನ್ ಮಾಡುವವರು ಬಂದು ಟೇಲರ್‌ನ ಕೈ ಕುಲುಕಿದರು. ಅಕ್ಕನನ್ನು ಕೇಳಿದಾಗ, “ಹೌದು ಮೇಡಂ, ಸುಮಾರಾಗಿ ಚೆನ್ನಾಗಿದಾನೆ” ಎಂದಳು. ಇಡೀ ಸಂಶೋಧನೆಯಲ್ಲಿ ಹೀಗೆ ಗುಣ ಕಂಡವನು ಅವನೊಬ್ಬನೇ. ಮೇಡಂ ಅಂಕಗಳನ್ನು ಕಂಪ್ಯೂಟರಿಗೆ ಹಾಕಿ ವಾರ್ಡಿಗೆ ಕಳಿಸಿದರು. ಸಂತೋಷವಾಗಬೇಕಿತ್ತು. ಯಾರೋ ಇನ್ನೊಬ್ಬರ ಮನೆಯ ಸಂತೋಷದ ಸುದ್ದಿ ಕೇಳಿದಂತಾಯಿತು ಅಷ್ಟೆ.

ಕೊನೆಯ ದಿನದ ಸರದಿ ಮುಗಿದು, ಟೇಲರ್ ಗೋಡೆಯ ಗೂಟದಿಂದ ತನ್ನ ಕೋಟು ತೆಗೆದುಕೊಳ್ಳಲು ಬೆನ್ನು ತಿರುಗಿಸಿದ. ಬೇರೇನನ್ನೋ ನೋಡುತ್ತಿದ್ದ ಮೇಡಂ ಕಣ್ಣು ಅವನ ಪ್ಯಾಂಟಿನ ಹಿಂಭಾಗದ ಮೇಲೆ ಬಿತ್ತು. ಎರಡು ಜೇಬುಗಳು ನಡುವಿನ ಹೊಲಿಗೆಯ ಹತ್ತಿರ ಒಂದಕ್ಕೊಂದು ಮೂತಿ ತಾಗಿಸಿಕೊಂಡು ನಿಂತಿದ್ದವು. ಕಣ್ಣಿಗೆ ಏನೋ ಸರಿಬರಲಿಲ್ಲ. ಸ್ವಲ್ಪ ಹೊತ್ತು ಹಾಗೇ ನೋಡಿದರು.

“ಟೇಲರ್, ಇದು ಹೊಸ ಪ್ಯಾಂಟಾ?”

“ಇಲ್ಲ ಮೇಡಂ, ಹಳೇದೇ.”

“ಹಿಂದಿನ ಜೇಬೆರಡೂ ಯಾಕೆ ಹೀಗೆ ಹತ್ರ ಬಂದಿವೆ?”

ಅವನು ಕೋಟು ಹಿಡಿದುಕೊಂಡೇ ನಿಂತ. “ಸೊಂಟದ ಹತ್ರ ಒಂಚೂರು ಹಿಡಿದು ಹೊಲ್ಕೊಂಡೆ.”

“ಎಷ್ಟು ಸಲ?”

“ಲೂಸಾದಾಗೆಲ್ಲ.”

ಶರ್ಟನ್ನೂ ಹಾಗೇ ಮಾಡಿದ್ದ, ಕೋಟನ್ನೂ. ಮೈ ಇಳಿದಷ್ಟೂ ಬಟ್ಟೆ ಅದರ ಹಿಂದೆಯೇ ಇಳಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಪ್ಯಾಂಟು ಜಾರಿ, ಕಾಲರು ಜೋತುಬಿದ್ದು, ಬೀದಿಯಲ್ಲಿ ಹೋಗುವವರಿಗೂ ಗೊತ್ತಾಗುತ್ತಿತ್ತು. ಮೇಡಂ ತೂಕ ನೋಡಿಸಿದ್ದು ಮೊದಲ ದಿನ ಮಾತ್ರ. ಆಮೇಲೆ ನೋಡಿದ್ದೆಲ್ಲ ಮಿದುಳು.

ಹೊರಗೆ ಕೂತಿದ್ದ ಅಕ್ಕನನ್ನು ಒಳಗೆ ಕರೆದರು.

“ಇವರು ಊಟ ಸರಿಯಾಗಿ ಮಾಡ್ತಾರಾ?”

“ಮನೇಲೆಲ್ಲಿ ಮಾಡ್ತಾನೆ ಮೇಡಂ? ನೀವೇ ಇಲ್ಲಿ ಹೊಟ್ಟೆ ತುಂಬ ಕೊಡ್ತೀರಂತಲ್ಲ. ಆಸ್ಪತ್ರೆ ಊಟ ಆಯ್ತು, ಸಾಕು ಅಂತಾನೆ.”

“ಇಲ್ಲಿ ಒಂದು ಬಿಸ್ಕತ್ತೂ ಕೊಡಲ್ಲಮ್ಮ.”

ಅಕ್ಕ ತಮ್ಮನ ಕಡೆ ತಿರುಗಿದಳು. “ಏನೋ ಮರಿ ಇದು?”

ಟೇಲರ್ ನೆಲ ನೋಡಿದ. ತಲೆ ತುಸು ಎಡಕ್ಕೆ ವಾಲಿತು, ಪಕ್ಕದ ಮನೆಯ ಮಾತಿಗೆ ಕಿವಿಗೊಟ್ಟವರ ಹಾಗೆ. ಆಮೇಲೆ ಹೇಳಿದ, “ತಿನ್ನಬೇಡ ಅಂದ್ರು.”

“ಯಾರು?” ಎಂದು ಕೇಳಿದ್ದು ಮೀಸೆ.

“ಅವರೇ ಸಾರ್. ಅವಳು.”

“ಹೋದ್ರು ಅಂದಿದ್ರಲ್ಲ?” ಮೇಡಂ ದನಿ ಎತ್ತರವಾಗಲಿಲ್ಲ, ತಗ್ಗಲೂ ಇಲ್ಲ.

“ಹಾಗೆ ಹೇಳು ಅಂದಿದ್ದೂ ಅವಳೇ. ನಾವು ಹೋದ್ವಿ ಅಂತ ಹೇಳು, ಪಾಪ, ಅಲ್ಲಿ ಎಲ್ಲರಿಗೂ ಖುಷಿಯಾಗುತ್ತೆ ಅಂದ್ಲು.” ಅವನು ತಲೆಯೆತ್ತಿದ. “ಖುಷಿ ಆಯ್ತಲ್ವಾ ಮೇಡಂ?”

ಅಕ್ಕ ಕುರ್ಚಿಯ ತುದಿಯಲ್ಲಿ ಕೂತಳು. “ನನಗೂ ಅನುಮಾನ ಇತ್ತು ಮೇಡಂ. ಹೊಲಿಗೆ ಮಿಷನ್ನು ನಡುನಡುವೆ ನಿಂತುಹೋಗುತ್ತೆ, ಇವನು ಏನೋ ಕೇಳಿಸ್ಕೊಳ್ತಾ ಕೂತಿರ್ತಾನೆ. ನೀವು ಕೇಳಿದಾಗ ಹೇಳಬೇಕು ಅಂತ್ಲೇ ಬಂದಿದ್ದೆ. ಆವತ್ತು ಈ ಮೀಸೆ ಸಾರ್ ಮೇಜು ಬಡಿದು ಕುಣೀತಿದ್ರು, ಎಲ್ಲರೂ ಬಂದು ಕೈ ಕುಲುಕ್ತಿದ್ರು. ಅದನ್ನ ನೋಡಿ ಬಾಯಿ ಬರಲಿಲ್ಲ.”

ಅಷ್ಟು ಜನ, ಅಷ್ಟೊಂದು ಒಳ್ಳೆಯವರು, ಒಬ್ಬರ ಮುಖ ಬಾಡಬಾರದೆಂದು ಇನ್ನೊಬ್ಬರು ನೋಡಿಕೊಂಡಿದ್ದರು. ಮಧ್ಯದಲ್ಲಿ ಒಬ್ಬ ಮನುಷ್ಯ ಸವೆಯುತ್ತಿದ್ದ.

ಮೇಡಂ ಫೋನೆತ್ತಿಕೊಂಡರು. ಮೀಸೆ ಅವರನ್ನು ಕಿಟಕಿಯ ಕಡೆ ಕರೆದು ಮೆಲ್ಲಗೆ ಹೇಳಿದ, “ಮೇಡಂ, ಒಂದ್ನಿಮಿಷ. ಹಾಸಿಗೆ ಕೊಡಿಸೋಣ, ಅದಕ್ಕೆ ಎರಡು ಮಾತಿಲ್ಲ. ಆದ್ರೆ ಅಂಕ ಹಾಗೇ ಇರಲಿ. ಆವತ್ತು ಅವನು ಹೇಳಿದ್ದು ಅದೇ ತಾನೇ? ನಾವೇನು ಸುಳ್ಳು ಬರೆದ್ವಾ? ಇದೂ ಹೋದ್ರೆ ನಮ್ಮ ಹತ್ರ ಉಳಿಯೋದು ಬರೀ ಸೊನ್ನೆ.”

“ಅಂಕ ಇದ್ದರೆ ಹಾಸಿಗೆ ಇಲ್ಲ. ವಾರ್ಡಿನ ಡಾಕ್ಟರ್ ನೋಡೋದು ಅದನ್ನೇ.”

“ಫೋನಲ್ಲಿ ವಿವರಿಸಿ ಹೇಳಿ.”

“ಏನಂತ ಹೇಳಲಿ? ಗುಣ ಆಗಿದೆ, ಆದ್ರೆ ಆಗಿಲ್ಲ ಅಂತನಾ?”

ಮೀಸೆ ಈಗಿಲ್ಲದ ತನ್ನ ಮೀಸೆಯನ್ನು ಸವರಿಕೊಂಡ. “ನಿಮಗೆ ಏನೂ ಅನಿಸ್ತಿಲ್ವಾ ಮೇಡಂ?”

ಮೇಡಂ ನಿಜವಾಗಿಯೂ ಹುಡುಕಿ ನೋಡಿಕೊಂಡರು, ಕತ್ತಲಲ್ಲಿ ಸ್ವಿಚ್ಚಿಗಾಗಿ ಗೋಡೆ ತಡವುವ ಹಾಗೆ. ಗೋಡೆಯಷ್ಟೇ ಸಿಕ್ಕಿತು. “ಆಮೇಲೆ ಅನಿಸಬಹುದು” ಎಂದು ನಂಬರು ಒತ್ತಿದರು.

ಆ ಕಡೆಯಿಂದ ವಾರ್ಡಿನ ಡಾಕ್ಟರ್, “ನಿಮ್ಮ ಅಂಕ ನೋಡಿದೆ! ಕೊನೆಗೂ ಗೆದ್ರಿ. ಮನೆಗೆ ಕಳಿಸೋಕೆ ಸಹಿ ಹಾಕ್ತಾ ಇದೀನಿ” ಎಂದರು.

“ಹಾಕಬೇಡಿ. ಅಂಕ ತಪ್ಪು. ಗುಣ ಕಂಡಿಲ್ಲ, ಊಟ ಬಿಟ್ಟಿದಾರೆ. ಇವತ್ತೇ ಹಾಸಿಗೆ ಬೇಕು.”

ಆ ಕಡೆ ಪೆನ್ನು ಕೆಳಗಿಟ್ಟ ಸದ್ದಾಯಿತು. “ಖಂಡಿತಾನಾ?”

“ಖಂಡಿತ.”

ಕಂಪ್ಯೂಟರಿನಲ್ಲಿ ಅಂಕ ತಿದ್ದಲು, ಕಾರಣ ಬರೆಯಲು ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ವಾರ್ಡಿಗೆ ಮೇಡಂ ತಾವೇ ಹೋದರು. ಅದು ಅವರ ಕೆಲಸವಾಗಿರಲಿಲ್ಲ. ನರ್ಸಮ್ಮ ಟೇಲರ್‌ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುವ ಮೊದಲು ಬಟ್ಟೆ ಬಿಚ್ಚಿಸಿ ಆಸ್ಪತ್ರೆಯ ಅಂಗಿ ತೊಡಿಸಿದಳು. ಎಲ್ಲರಿಗೂ ಆಗುವ ಹಾಗೆ ಹೊಲಿದ ಅಂಗಿ. ಅದರೊಳಗೆ ಅವನು ಕಾಣಲಿಲ್ಲ, ಅಂಗಿಯಷ್ಟೇ ಕಂಡಿತು. ಅಕ್ಕ ಬಾಗಿಲ ಕಡೆ ಮುಖ ತಿರುಗಿಸಿಕೊಂಡಳು.

“ಯಾರಪ್ಪಾ ಇದನ್ನ ಹೊಲಿದೋನು” ಎಂದ ಟೇಲರ್, ತೋಳು ಎತ್ತಿ ನೋಡಿಕೊಂಡು. “ಕಂಕುಳಲ್ಲಿ ಇನ್ನಿಬ್ಬರನ್ನ ಕೂರಿಸಬಹುದು.”

ನರ್ಸಮ್ಮ ನಕ್ಕಳು. ಬೇರೆ ಯಾರೂ ನಗಲಿಲ್ಲ.

ರಕ್ತ ತೆಗೆದು ಕಳಿಸಿ, ವರದಿ ಬಂದ ಮೇಲೆ ಮಾತ್ರೆ ಬಂತು. ಚಿಕ್ಕದು, ಹಳದಿ ಬಣ್ಣದ್ದು, ಶರ್ಟಿನ ಗುಂಡಿಗಿಂತ ಸಣ್ಣದು. ವಾರ್ಡಿನ ಡಾಕ್ಟರ್ ಅದರ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬಿಡಿಸಿ ಹೇಳಿದರು. ಒತ್ತಾಯವಿಲ್ಲ, ನೀವು ಒಪ್ಪಿದರೆ ಮಾತ್ರ ಎಂದರು. ಟೇಲರ್ ಅಂಗೈ ಮೇಲೆ ಮಾತ್ರೆ ಇಟ್ಟುಕೊಂಡು ತಲೆ ಎಡಕ್ಕೆ ವಾಲಿಸಿದ.

“ಏನಂತಿದಾಳೆ?” ಮೇಡಂ ಕೇಳಿದರು.

“ಬೇಡ ಅಂತಿದಾಳೆ. ಬಿಸಾಕು ಅಂತಿದಾಳೆ.”

“ಉಳಿದವರು?”

“ಅವರಿಬ್ಬರು ಎಂದಿನ ಹಾಗೆ ಕಿತ್ತಾಡ್ತಿದಾರೆ. ಅವನು ನಗ್ತಿದಾನೆ.”

“ನೀವೇನಂತೀರಿ?”

ಟೇಲರ್ ಮೇಡಂ ಮುಖ ನೋಡಿದ. ಉತ್ತರ ಹೇಳಿಕೊಡುವವರು ಆ ಕ್ಷಣಕ್ಕೆ ಸುಮ್ಮನಿದ್ದರೋ ಏನೋ. “ನಾನು…” ಎಂದ. ತುಟಿ ಒದ್ದೆ ಮಾಡಿಕೊಂಡ. “ಸುಸ್ತಾಗಿದೆ ಮೇಡಂ. ಆ ಪ್ಯಾಂಟನ್ನ ಇನ್ನು ಹಿಡಿದು ಹೊಲಿಯೋಕೆ ಬಟ್ಟೇನೇ ಇಲ್ಲ.”

“ಹಾಗಾದ್ರೆ?”

“ಅಕ್ಕ, ನೀರು ಕೊಡು.”

ಅಕ್ಕ ತಂದ ಲೋಟ ತುಳುಕಿ ಅರ್ಧ ನೀರು ಹಾಸಿಗೆಯ ಮೇಲೆ ಚೆಲ್ಲಿತು. ಉಳಿದ ಅರ್ಧ ಸಾಕಾಯಿತು. ಅವನ ಗಂಟಲ ಉಬ್ಬು ಮೇಲೆ ಹೋಗಿ ಕೆಳಗೆ ಬಂದಿದ್ದನ್ನು ಮೇಡಂ ನೋಡಿದರು. ಏನಾದರೂ ಅನಿಸೀತೆಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಆಮೇಲೆ ಮೀಸೆ ಬಂದು, ಕೆಳಗೆ ಮುಂದಿನ ರೋಗಿ ಕಾಯುತ್ತಿದ್ದಾರೆ ಎಂದ.

“ಅವರ ತೂಕ ನೋಡು ಮೊದಲು” ಎಂದರು ಮೇಡಂ, ಮೆಟ್ಟಿಲು ಇಳಿಯುತ್ತಾ.